ವಿಜಯಪುರದಲ್ಲಿ ಕೂತು ಹಳೇ ನಕ್ಷತ್ರ ಹುಡುಕಿದ್ದು

ಹಳೇ ನಕ್ಷತ್ರ ಬೇಕು ಅಂದ್ರೆ ದೂರದ ಗೆಲಾಕ್ಸಿಗಳ ಕಡೆ ನೋಡಬೇಕಿಲ್ಲ. ಸೂರ್ಯನಿಗಿಂತ ಎರಡು ಪಟ್ಟಿಗೂ ಜಾಸ್ತಿ ವಯಸ್ಸಾದ ನಕ್ಷತ್ರಗಳು ನಮ್ಮ ಅಕ್ಕಪಕ್ಕದಲ್ಲೇ ಓಡಾಡುತ್ತಿವೆ. ಕಾಪ್ಟೈನ್ ನಕ್ಷತ್ರ ಇರುವುದು 13 ಜ್ಯೋತಿರ್ವರ್ಷದೊಳಗೆ. ಆದರೆ ಇಂಥವು ತುಂಬಾ ಮಂಕು. ಹೆಚ್ಚಿನವು ಬರಿಗಣ್ಣಿಗೆ ಬಿಡಿ, ಸಣ್ಣ ದೂರದರ್ಶಕಕ್ಕೂ ಸಿಗುವುದಿಲ್ಲ. ಅದಕ್ಕೇ ಇವುಗಳ ಹುಡುಕಾಟ ಈಗ ಜಾಸ್ತಿ ನಡೆಯುವುದು ಕಂಪ್ಯೂಟರ್ ಮುಂದೆ. ನಾನು ವಿಜಯಪುರದಲ್ಲಿ ಮಾಡಿದ್ದೂ ಅದನ್ನೇ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಬೇಸಿಗೆ ರಜೆಯಲ್ಲಿ ಶುರು ಮಾಡಿದ ಕೆಲಸ ಇದು, ಇನ್ನೂ ಬಿಟ್ಟಿಲ್ಲ. ಹೇಗೆ ಮಾಡಿದೆ ಅಂತ ಬರೆದಿಡುತ್ತೇನೆ. ಯಾರಾದರೂ ಇನ್ನೊಬ್ಬರು ಮಾಡಲಿ ಅನ್ನೋ ಆಸೆ.

ಮೊದಲು ಸ್ವಲ್ಪ ಹಿನ್ನೆಲೆ. ಖಗೋಳದವರು ಹೈಡ್ರೋಜನ್, ಹೀಲಿಯಂ ಎರಡನ್ನು ಬಿಟ್ಟು ಉಳಿದ ಎಲ್ಲವನ್ನೂ ಲೋಹ ಅಂತಾರೆ. ಇಂಗಾಲ, ಆಮ್ಲಜನಕ ಕೂಡ ಅದರಲ್ಲೇ ಬಂತು. ಮಹಾಸ್ಫೋಟದಲ್ಲಿ ಹುಟ್ಟಿದ್ದು ಹೈಡ್ರೋಜನ್, ಹೀಲಿಯಂ, ಚೂರೇ ಚೂರು ಲಿಥಿಯಂ. ಉಳಿದದ್ದರಲ್ಲಿ ಹೆಚ್ಚಿನದು ನಕ್ಷತ್ರಗಳ ಹೊಟ್ಟೆಯಲ್ಲಿ ತಯಾರಾಗಿ, ಅವು ಸಾಯುವಾಗ ಹೊರಗೆ ಬಿದ್ದು, ಮುಂದಿನ ತಲೆಮಾರಿಗೆ ಸೇರಿಕೊಂಡದ್ದು. ಹಾಗಾಗಿ ಒಂದು ನಕ್ಷತ್ರದಲ್ಲಿ ಲೋಹ ಕಡಿಮೆ ಇದ್ದರೆ ಅದು ಬಹಳ ಮುಂಚೆ ಹುಟ್ಟಿದ್ದಿರಬಹುದು. ಗಾತ್ರದಲ್ಲೂ ಸಣ್ಣದಿದ್ದರೆ ಅದರ ಇಂಧನ ಬೇಗ ಖರ್ಚಾಗುವುದಿಲ್ಲ. ಇವತ್ತಿಗೂ ಉರಿಯುತ್ತಿರುತ್ತದೆ.

1951ರವರೆಗೆ ಎಲ್ಲ ನಕ್ಷತ್ರಗಳಲ್ಲೂ ಧಾತುಗಳ ಪ್ರಮಾಣ ಹೆಚ್ಚುಕಮ್ಮಿ ಒಂದೇ ಅಂತ ನಂಬಿದ್ದರು. ಆ ವರ್ಷ ಜೋಸೆಫ್ ಚೇಂಬರ್ಲೇನ್ ಮತ್ತು ಲಾರೆನ್ಸ್ ಆಲರ್ ಅವರು ಎಚ್‌ಡಿ 19445, ಎಚ್‌ಡಿ 140283 ಅನ್ನೋ ಎರಡು ನಕ್ಷತ್ರಗಳ ಸ್ಪೆಕ್ಟ್ರಂ, ಅಂದ್ರೆ ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು, ಅಳೆದರು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಸೂರ್ಯನಿಗಿಂತ ತುಂಬಾ ಕಡಿಮೆ ಬಂದವು. ಇವೆರಡೂ ಆಕಾಶದಲ್ಲಿ ಬೇಗ ಬೇಗ ಜಾಗ ಬದಲಿಸುವ ನಕ್ಷತ್ರಗಳು. ನನ್ನ ಹುಡುಕಾಟದ ತುದಿ ಸಿಕ್ಕಿದ್ದು ಇಲ್ಲೇ: ಮೊದಲು ವೇಗ ನೋಡಬೇಕು.

ಯಾಕೆ ವೇಗ? ಸೂರ್ಯ ಮತ್ತು ಅದರ ಸುತ್ತಲಿನ ಹೆಚ್ಚಿನ ನಕ್ಷತ್ರಗಳು ಆಕಾಶಗಂಗೆಯ ತಟ್ಟೆಯಲ್ಲಿ ಒಂದೇ ದಿಕ್ಕಿಗೆ ಜೊತೆಯಾಗಿ ತಿರುಗುತ್ತಿವೆ, ಸೆಕೆಂಡಿಗೆ 200 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ. ಜೊತೆಗೇ ಹೋಗುವುದರಿಂದ ಒಂದಕ್ಕೊಂದು ನಿಧಾನ ಕಾಣುತ್ತವೆ. ನಾನು ಹುಡುಕುವ ಹಳೇ ನಕ್ಷತ್ರಗಳು ಹೆಚ್ಚಾಗಿ ಆ ತಟ್ಟೆಗೆ ಸೇರಿದವಲ್ಲ. ಅದರ ಸುತ್ತ ದುಂಡಗೆ ಹರಡಿಕೊಂಡಿರುವ ಪ್ರಭಾವಲಯದವು. ಯಾವ ಕಡೆಯಿಂದಲೋ ಬಂದು, ತಟ್ಟೆಯನ್ನು ಅಡ್ಡ ಹಾಯ್ದು ಹೋಗುತ್ತವೆ. ನಮ್ಮ ಕಣ್ಣಿಗೆ ಅವೇ ಧಾವಂತದಲ್ಲಿ ಓಡಿದ ಹಾಗೆ ಕಾಣುತ್ತದೆ. ಸೂರ್ಯನ ಸುತ್ತಮುತ್ತ ಇಂಥವು ನೂರಕ್ಕೆ ಒಂದೂ ಇಲ್ಲ.

ನಾನು ಬಳಸಿದ್ದು ಗಾಯಾ ಉಪಗ್ರಹದ ದತ್ತಾಂಶ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2013ರ ಡಿಸೆಂಬರ್‌ನಲ್ಲಿ ಇದನ್ನು ಹಾರಿಸಿತು, 2025ರ ಜನವರಿಯಲ್ಲಿ ಇದರ ವೀಕ್ಷಣೆ ಮುಗಿಯಿತು. 2022ರ ಜೂನ್‌ನಲ್ಲಿ ಬಂದ ಮೂರನೇ ಬಿಡುಗಡೆಯಲ್ಲಿ ಸುಮಾರು 180 ಕೋಟಿ ಚುಕ್ಕೆಗಳಿವೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಂದು ಪೈಸೆ ಇಲ್ಲ. ಎಡಿಕ್ಯೂಎಲ್ ಅನ್ನೋ ಭಾಷೆಯಲ್ಲಿ ನಾಲ್ಕೈದು ಸಾಲು ಬರೆದು ಕೇಳಬೇಕು, ಅಷ್ಟೇ. ಡೇಟಾಬೇಸ್ ಬಗ್ಗೆ ಚೂರು ಗೊತ್ತಿರುವ ಯಾವ ಬಿಸಿಎ ಹುಡುಗನೂ ಅದನ್ನು ಬರೆಯಬಲ್ಲ. ಬಂದ ಫೈಲನ್ನು ಟಾಪ್‌ಕ್ಯಾಟ್ ಅನ್ನೋ ತಂತ್ರಾಂಶದಲ್ಲಿ ತೆರೆದರೆ ಲಕ್ಷಗಟ್ಟಲೆ ಸಾಲುಗಳನ್ನೂ ಹಳೇ ಲ್ಯಾಪ್‌ಟಾಪ್ ಸುಮ್ನೆ ಎತ್ತಿಕೊಳ್ಳುತ್ತದೆ. ಅದೂ ಉಚಿತ.

ಕೇಳಿದ್ದು ಇಷ್ಟು. ಪ್ಯಾರಲಾಕ್ಸ್ (ಭೂಮಿ ಸೂರ್ಯನ ಸುತ್ತ ಹೋಗುವಾಗ ನಕ್ಷತ್ರ ಆಚೀಚೆ ಸರಿದ ಹಾಗೆ ಕಾಣುವ ಕೋನ) 10 ಮಿಲಿ ಆರ್ಕ್‌ಸೆಕೆಂಡಿಗಿಂತ ಜಾಸ್ತಿ ಇರಬೇಕು. ಆರ್ಕ್‌ಸೆಕೆಂಡ್ ಅಂದ್ರೆ ಡಿಗ್ರಿಯ 3600ರಲ್ಲಿ ಒಂದು ಪಾಲು, ಮಿಲಿ ಅಂದ್ರೆ ಅದರ ಸಾವಿರದಲ್ಲಿ ಒಂದು. ಹಾಗಾಗಿ ದೂರ 100 ಪಾರ್ಸೆಕ್‌ನೊಳಗೆ, 326 ಜ್ಯೋತಿರ್ವರ್ಷ. ಅಳತೆಯ ತಪ್ಪಿಗಿಂತ ಪ್ಯಾರಲಾಕ್ಸ್ ಕಡೇ ಪಕ್ಷ ಹತ್ತು ಪಟ್ಟು ದೊಡ್ಡದಿರಬೇಕು. ಜೊತೆಗೆ ವರ್ಷಕ್ಕೆ ಎಷ್ಟು ಸರಿಯುತ್ತದೆ, ಬೆಳಕೆಷ್ಟು, ಬಣ್ಣವೇನು ಅನ್ನೋದು ಬೇಕು. ಗಾಯಾ ತಂಡದವರೇ 2021ರಲ್ಲಿ 100 ಪಾರ್ಸೆಕ್‌ನೊಳಗಿನ ಒಂದು ಪಟ್ಟಿ ಮಾಡಿದ್ದಾರೆ, ಅದರಲ್ಲಿ 3,31,312 ಇವೆ. ಅದನ್ನೂ ಪಕ್ಕದಲ್ಲಿಟ್ಟುಕೊಂಡೆ, ಹೋಲಿಸಿ ನೋಡೋಕೆ.

ವೇಗದ ಲೆಕ್ಕ ಹೈಸ್ಕೂಲಿನ ಗಣಿತ. ಎಚ್‌ಡಿ 140283ನ್ನೇ ತೆಗೆದುಕೊಳ್ಳಿ. ಪ್ಯಾರಲಾಕ್ಸ್ ಸುಮಾರು 16.3 ಮಿಲಿ ಆರ್ಕ್‌ಸೆಕೆಂಡ್. 1000ವನ್ನು ಅದರಿಂದ ಭಾಗಿಸಿದರೆ 61 ಪಾರ್ಸೆಕ್ ಚಿಲ್ಲರೆ, 200 ಜ್ಯೋತಿರ್ವರ್ಷ. ವರ್ಷಕ್ಕೆ ಸರಿಯುವುದು 1.16 ಆರ್ಕ್‌ಸೆಕೆಂಡ್. ಪಾರ್ಸೆಕ್‌ಗೆ ಇದನ್ನು ಗುಣಿಸಿ, ಕಿಲೋಮೀಟರಿಗೆ ಬದಲಿಸೋಕೆ ಮತ್ತೆ 4.74ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 336 ಕಿಲೋಮೀಟರ್ ಬರುತ್ತದೆ. ಇದು ಅಡ್ಡ ಓಡುವ ವೇಗ ಮಾತ್ರ. ಈ ಸಂಖ್ಯೆ ಪರದೆಯ ಮೇಲೆ ಬಂದಾಗ ನನಗೆ ಮೈ ಜುಂ ಅಂದಿತು. ಇದರಲ್ಲಿ ಕಬ್ಬಿಣ ಸೂರ್ಯನ ಸುಮಾರು 250ರಲ್ಲಿ ಒಂದು ಪಾಲು. 2013ರಲ್ಲಿ ಹಬಲ್ ದೂರದರ್ಶಕದ ಅಳತೆಯಿಂದ ಇದರ ವಯಸ್ಸು 1446 ಕೋಟಿ ವರ್ಷ ಅಂತ ಬಂದಿತ್ತು, 80 ಕೋಟಿ ಹೆಚ್ಚುಕಮ್ಮಿ. ಬ್ರಹ್ಮಾಂಡಕ್ಕೇ 1380 ಕೋಟಿ ವರ್ಷ ಅಲ್ವಾ, ಅದಕ್ಕೇ ಆಗ ದೊಡ್ಡ ಚರ್ಚೆ ಆಯಿತು. ಆಮೇಲಿನ ಲೆಕ್ಕಗಳಲ್ಲಿ 1200 ಕೋಟಿಯ ಆಸುಪಾಸಿಗೆ ಇಳಿದಿದೆ. ಇಳಿದರೂ ಏನು ಕಡಿಮೆ ಅಲ್ಲ, ನಮ್ಮ ಸೂರ್ಯನಿಗೆ 460 ಕೋಟಿ.

ಸಾಮಾನ್ಯವಾಗಿ ಸೆಕೆಂಡಿಗೆ 200 ಕಿಲೋಮೀಟರಿಗಿಂತ ಜಾಸ್ತಿ ಅಡ್ಡವೇಗ ಇದ್ದರೆ ಪ್ರಭಾವಲಯದ್ದು ಅಂತ ಎಣಿಸುತ್ತಾರೆ. ಆ ಗೆರೆ ಎಷ್ಟು ಸರಿ ಅಂತ ನೋಡೋಕೆ ಮೊದಲೇ ಗೊತ್ತಿರುವ ಹಳೇ ನಕ್ಷತ್ರಗಳ ಮೇಲೆ ಪ್ರಯೋಗಿಸಿದೆ. ಗ್ರೂಂಬ್ರಿಜ್ 1830 ಪಾಸಾಯಿತು, 307 ಬಂತು. ಕಾಪ್ಟೈನ್ ನಕ್ಷತ್ರ ಮಾತ್ರ 161ಕ್ಕೇ ನಿಂತಿತು! ಪಟ್ಟಿಯಿಂದ ಆಚೆ. ಕಾರಣ ಇದೆ. ಅದರ ಓಟದ ಹೆಚ್ಚಿನ ಭಾಗ ನಮಗೆ ಅಡ್ಡಲಾಗಿ ಅಲ್ಲ, ನಮ್ಮಿಂದ ನೇರ ಆಚೆಗೆ, ಸೆಕೆಂಡಿಗೆ 245 ಕಿಲೋಮೀಟರ್. ಎರಡನ್ನೂ ಸೇರಿಸಿದರೆ ಒಟ್ಟು ವೇಗ 290 ದಾಟುತ್ತದೆ. ಅಡ್ಡವೇಗವೊಂದನ್ನೇ ನೆಚ್ಚಿಕೊಂಡರೆ, ನಮಗೆ ಅತಿ ಹತ್ತಿರದ ಪ್ರಭಾವಲಯದ ನಕ್ಷತ್ರವೇ ಕೈತಪ್ಪುತ್ತದೆ. ಹಾಗಾಗಿ ಎರಡು ಪಟ್ಟಿ ಮಾಡಿದೆ. ಒಂದು ವೇಗದಿಂದ, ಇನ್ನೊಂದು ಬಣ್ಣ ಮತ್ತು ಮಂಕುತನದಿಂದ.

ಕಾಪ್ಟೈನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾಕೋಬಸ್ ಕಾಪ್ಟೈನ್ ನೆದರ್‌ಲ್ಯಾಂಡ್ಸ್‌ನ ಖ್ರೋನಿಂಗನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ವಿಶ್ವವಿದ್ಯಾಲಯದಲ್ಲಿ ವೀಕ್ಷಣಾಲಯವೇ ಇರಲಿಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಡೇವಿಡ್ ಗಿಲ್ ತೆಗೆಸಿದ ಫೋಟೋ ಪ್ಲೇಟುಗಳನ್ನು ತರಿಸಿಕೊಂಡು, ವರ್ಷಾನುಗಟ್ಟಲೆ ಕೂತು ಒಂದೊಂದು ಚುಕ್ಕೆಯ ಜಾಗ ಅಳೆದರು. ಆ ಅಳತೆಯ ಕೆಲಸದಿಂದಲೇ 1897ರಲ್ಲಿ ಈ ನಕ್ಷತ್ರದ ಓಟ ಬೆಳಕಿಗೆ ಬಂತು. ವರ್ಷಕ್ಕೆ 8.6 ಆರ್ಕ್‌ಸೆಕೆಂಡಿಗೂ ಮಿಕ್ಕಿ ಸರಿಯುತ್ತದೆ. ಆಗ ಗೊತ್ತಿದ್ದ ಎಲ್ಲ ನಕ್ಷತ್ರಗಳಿಗಿಂತ ಜಾಸ್ತಿ. ಸ್ವಂತ ದೂರದರ್ಶಕ ಇಲ್ಲ ಅಂತ ಕೈಕಟ್ಟಿ ಕೂತವರಲ್ಲ ಅವರು. ನಮ್ಮ ಕಡೆಯ ಕಾಲೇಜುಗಳಲ್ಲಿ ಲ್ಯಾಬ್ ಇಲ್ಲ, ಸೌಲಭ್ಯ ಇಲ್ಲ ಅಂತ ಹುಡುಗರು ಬೇಜಾರಾದಾಗಲೆಲ್ಲ ನಾನು ಇವರ ಕಥೆ ಹೇಳುತ್ತೇನೆ. ಅಂದಹಾಗೆ, ಕಾಪ್ಟೈನ್ ನಕ್ಷತ್ರ ಜನವರಿಯಲ್ಲಿ ನಮ್ಮೂರಿನ ದಕ್ಷಿಣಕ್ಕೆ 28 ಡಿಗ್ರಿ ಎತ್ತರಕ್ಕೆ ಬರುತ್ತದೆ. ಖ್ರೋನಿಂಗನ್‌ನಲ್ಲಿ ಅದು ಮೂಡುವುದೇ ಇಲ್ಲ.

ಇನ್ನು ಬಣ್ಣದ ಪಟ್ಟಿ. ಅಡ್ಡಕ್ಕೆ ಬಣ್ಣ, ಉದ್ದಕ್ಕೆ ನಿಜವಾದ ಪ್ರಕಾಶ ಹಾಕಿ ನಕ್ಷೆ ಬರೆದರೆ ಸಾಮಾನ್ಯ ನಕ್ಷತ್ರಗಳೆಲ್ಲ ಓರೆಯಾದ ಒಂದು ಗೆರೆಯಲ್ಲಿ ಬೀಳುತ್ತವೆ. ಲೋಹ ಕಡಿಮೆ ಇರುವ ಸಣ್ಣ ನಕ್ಷತ್ರಗಳು ಆ ಗೆರೆಗಿಂತ ಸ್ವಲ್ಪ ಕೆಳಗೆ. ಲೋಹವೇ ಕಡಿಮೆಯಾದಾಗ ಬೆಳಕಿಗೆ ಅಡ್ಡಿಯೂ ಕಡಿಮೆ. ಒಳಗಿನ, ಬಿಸಿ ಜಾಸ್ತಿ ಇರುವ ಪದರದಿಂದಲೇ ಬೆಳಕು ಹೊರಬರುತ್ತದೆ, ನಕ್ಷತ್ರವೂ ಚಿಕ್ಕದಾಗಿರುತ್ತದೆ. ಹಾಗಾಗಿ ಅದೇ ಬಣ್ಣದ ಸಾಮಾನ್ಯ ನಕ್ಷತ್ರಕ್ಕಿಂತ ಮಂಕು. ಇವನ್ನು ಉಪಕುಬ್ಜ ಅಂತಾರೆ.

100 ಪಾರ್ಸೆಕ್‌ನೊಳಗೆ ಇವು ಕಡಿಮೆ, ನಕ್ಷೆಯಲ್ಲಿ ಚದುರಿದ ಹಾಗೆ ಕಾಣುತ್ತವೆ. ಹಾಗಾಗಿ ಒಮ್ಮೆ ದೂರವನ್ನು 1000 ಪಾರ್ಸೆಕ್‌ವರೆಗೆ ಬಿಟ್ಟು, 200ಕ್ಕಿಂತ ಜಾಸ್ತಿ ಅಡ್ಡವೇಗ ಇರುವವನ್ನಷ್ಟೇ ತರಿಸಿ ನಕ್ಷೆ ಹಾಕಿದೆ. ಮನೆಯವರೆಲ್ಲ ಮಲಗಿದ್ದರು. ಪರದೆಯ ಮೇಲೆ ಮೊದಲು ಬೂದು ಮೋಡದ ಹಾಗೆ ಬಂತು, ಚುಕ್ಕೆಯ ಗಾತ್ರ ಸಣ್ಣದು ಮಾಡಿದೆ, ಮತ್ತಷ್ಟು ಸಣ್ಣದು ಮಾಡಿದೆ, ಆಗ ಅಲ್ಲಿ ಒಂದಲ್ಲ, ಎರಡು ಗೆರೆಗಳು ಪಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು. ನಡುವೆ ಖಾಲಿ ಜಾಗ. ಇದನ್ನು 2018ರ ಎರಡನೇ ಬಿಡುಗಡೆ ಹೊತ್ತಿಗೇ ಗಾಯಾ ತಂಡ ತೋರಿಸಿತ್ತು, ನನಗೆ ಓದಿ ಗೊತ್ತಿತ್ತು. ಆದರೂ ನಾನೇ ಕೇಳಿ ತರಿಸಿದ ಅಂಕಿಗಳಿಂದ, ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಎರಡು ಗೆರೆ ಎದ್ದು ಬಂದಾಗ ಆದ ಖುಷಿ ಬೇರೆಯೇ. ನೀಲಿ ಕಡೆಯ ಗೆರೆಯಲ್ಲಿ ಇರುವುದು ಲೋಹ ತೀರಾ ಕಡಿಮೆ ಇರುವವು. ಸುಮಾರು 1000 ಕೋಟಿ ವರ್ಷದ ಹಿಂದೆ ಆಕಾಶಗಂಗೆ ಒಂದು ಸಣ್ಣ ಗೆಲಾಕ್ಸಿಯನ್ನು ನುಂಗಿತ್ತು, ಗಾಯಾ ಎನ್ಸೆಲಾಡಸ್ ಅಂತ ಅದಕ್ಕೆ ಹೆಸರಿಟ್ಟಿದ್ದಾರೆ. ಈ ಗೆರೆಯಲ್ಲಿ ಹೆಚ್ಚಿನವು ಅದರಿಂದ ಬಂದವು. ಕೆಂಪು ಕಡೆಯ ಗೆರೆಯವು ಇಲ್ಲಿಯವೇ, ಆ ಡಿಕ್ಕಿಯ ಏಟಿಗೆ ತಟ್ಟೆಯಿಂದ ಚದುರಿ ವೇಗ ಪಡೆದವು ಅನ್ನೋದು ಈಗಿನ ವಿವರಣೆ. ಅಂದ್ರೆ ವೇಗ ಇದ್ದ ಮಾತ್ರಕ್ಕೆ ಲೋಹ ಕಡಿಮೆ ಅನ್ನೋ ಹಾಗಿಲ್ಲ. ಬಣ್ಣವೂ ಒಪ್ಪಬೇಕು.

ಇಷ್ಟಾದ ಮೇಲೆ ಅಸಲಿ ಕೆಲಸ ಶುರು. ಹಸನು ಮಾಡುವುದು. ನಮ್ಮವ್ವ ಜೋಳ ಹಸನು ಮಾಡುವಾಗ ಮೊರದಲ್ಲಿ ಕಲ್ಲು ಆರಿಸುತ್ತಾಳಲ್ಲ, ಹಾಗೇ ಒಂದೊಂದೇ ಸಾಲು ನೋಡಿ ತೆಗೆಯಬೇಕು. ಧನು ರಾಶಿಯ ಕಡೆ, ಆಕಾಶಗಂಗೆಯ ನಡುವಿನ ದಿಕ್ಕಿನಲ್ಲಿ, ನಕ್ಷತ್ರಗಳ ಕಿಕ್ಕಿರಿದ ಗುಂಪು. ಅಲ್ಲಿ ಒಂದರ ಬೆಳಕು ಇನ್ನೊಂದಕ್ಕೆ ಬೆರೆತು ಸುಳ್ಳು ಪ್ಯಾರಲಾಕ್ಸ್ ಬರುತ್ತದೆ. ದೂರದಲ್ಲಿರುವುದು ಹತ್ತಿರ ಇದ್ದ ಹಾಗೆ ತೋರುತ್ತದೆ, ಮಂಕು ಅಂತ ಲೆಕ್ಕ ಬರುತ್ತದೆ, ಥೇಟ್ ಉಪಕುಬ್ಜದ ವೇಷ. ಮತ್ತೆ ಜೋಡಿ ನಕ್ಷತ್ರಗಳು. ಒಂದು ಶ್ವೇತ ಕುಬ್ಜ (ಸತ್ತ ನಕ್ಷತ್ರದ ಉಳಿದ ತಿರುಳು), ಒಂದು ಕೆಂಪು ಕುಬ್ಜ (ಸಣ್ಣ, ಬಿಸಿ ಕಡಿಮೆ ಇರುವ ನಕ್ಷತ್ರ) ಒಟ್ಟಿಗಿದ್ದರೆ ಎರಡರ ಬಣ್ಣ ಬೆರೆತು ಸರಿಯಾಗಿ ನಾವು ಹುಡುಕುವ ಜಾಗದಲ್ಲೇ ಬೀಳುತ್ತವೆ. ಅಳತೆ ಎಷ್ಟು ಸರಿಯಾಗಿ ಕೂತಿದೆ ಅಂತ ಹೇಳುವ ರೂವಿ ಅನ್ನೋ ಒಂದು ಅಂಕಿ ಇದೆ, ಅದು 1ರ ಹತ್ತಿರ ಇರಬೇಕು. 1.4 ದಾಟಿದರೆ ಅನುಮಾನ. ಜೋಡಿ ಇರಬಹುದು. ಅಂಥವನ್ನು ಬಿಸಾಡಲಿಲ್ಲ, ಬೇರೆ ಪಟ್ಟಿಯಲ್ಲಿಟ್ಟೆ. ಆಮೇಲೆ ಉಳಿದ ಒಂದೊಂದನ್ನೂ ಹಳೇ ಫೋಟೋ ಪ್ಲೇಟು ಮತ್ತು ಹೊಸ ಚಿತ್ರ ಎರಡರಲ್ಲೂ ನೋಡಿದೆ. 1950ರ ದಶಕದಲ್ಲಿ ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ ತೆಗೆದ ಪ್ಲೇಟಿನಲ್ಲಿ ಇದ್ದ ಜಾಗಕ್ಕೂ ಈಗಿನ ಜಾಗಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣಬೇಕು. ಕಂಡರೆ ಓಟ ನಿಜ. ಈ ಕೆಲಸಕ್ಕೆ ತಾಳ್ಮೆ ಬೇಕು, ಆದರೆ ನನಗೆ ಇದೇ ಜಾಸ್ತಿ ಇಷ್ಟವಾದ ಭಾಗ. ಎಪ್ಪತ್ತು ವರ್ಷದ ಹಿಂದೆ ಯಾರೋ ತೆಗೆದ ಪ್ಲೇಟು ನನ್ನ ಮಾತಿಗೆ ಸಾಕ್ಷಿ ಹೇಳುತ್ತದೆ.

ಪರದೆ ನೋಡಿ ನೋಡಿ, ಒಂದನ್ನಾದರೂ ಕಣ್ಣಾರೆ ನೋಡಬೇಕು ಅನ್ನಿಸಿತು. ತಿಕೋಟಾ ಹತ್ತಿರ ನಮ್ಮ ಕಾಕಾ ಅವರ ದ್ರಾಕ್ಷಿ ತೋಟ ಇದೆ. ಏಪ್ರಿಲ್‌ನಲ್ಲಿ ಹೋಗಿದ್ದೆ, ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಮುಗಿಯುತ್ತಾ ಬಂದಿತ್ತು. ಊರಿನ ಬೆಳಕು ಪೂರ್ವಕ್ಕೆ ಉಳಿಯುತ್ತದೆ, ತಲೆಯ ಮೇಲೆ ಆಕಾಶ ಚೆನ್ನಾಗಿರುತ್ತದೆ. ಗ್ರೂಂಬ್ರಿಜ್ 1830 ಹುಡುಕುವುದು ಸುಲಭ. ಸಪ್ತರ್ಷಿ ಮಂಡಲದ ಪುಲಸ್ತ್ಯ ನಕ್ಷತ್ರದಿಂದ ನೇರ ದಕ್ಷಿಣಕ್ಕೆ ಸುಮಾರು 16 ಡಿಗ್ರಿ ಇಳಿಯಬೇಕು. ಮ್ಯಾಗ್ನಿಟ್ಯೂಡ್ 6.4, ಅಂದ್ರೆ ಬರಿಗಣ್ಣಿಗೆ ಸಿಗುವುದಕ್ಕಿಂತ ಚೂರು ಮಂಕು, ಬೈನಾಕ್ಯುಲರ್‌ಗೆ ಆರಾಮಾಗಿ ಸಿಗುತ್ತದೆ. ನಕ್ಷೆ ಇಟ್ಟುಕೊಂಡು ಚುಕ್ಕೆಯಿಂದ ಚುಕ್ಕೆಗೆ ಹೋಗಿ ಹಿಡಿದೆ.

"ಯವ್ವಾ, ಇಷ್ಟೊತ್ತನ್ಯಾಗ ಏನ್ ನೋಡಾಕತ್ತಿ?" ಅಂತ ಕಾಕಾ ಬಂದರು. ತೋರಿಸಿದೆ. 30 ಜ್ಯೋತಿರ್ವರ್ಷ ದೂರ, ಕಬ್ಬಿಣ ಸೂರ್ಯನ ಇಪ್ಪತ್ತರಲ್ಲಿ ಒಂದು ಪಾಲು, ವರ್ಷಕ್ಕೆ 7 ಆರ್ಕ್‌ಸೆಕೆಂಡ್ ಓಡುತ್ತದೆ ಅಂದೆ. "ಓಡೂದು ಕಾಣವಲ್ದಲ್ಲವಾ" ಅಂದರು. ಅದು ಸರಿಯಾದ ಮಾತು. ಅಲ್ಲೇ ಲೆಕ್ಕ ಮಾಡಿ ಹೇಳಿದೆ. ಗೋಲ್ ಗುಂಬಜ್‌ನಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾ ತೀರಿಕೊಂಡಿದ್ದು 1656ರಲ್ಲಿ. ಅಲ್ಲಿಂದ ಇಲ್ಲಿಗೆ ಈ ನಕ್ಷತ್ರ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಜಾಸ್ತಿ ಸರಿದಿದೆ. ಕಾಕಾ ಬೈನಾಕ್ಯುಲರ್ ಮತ್ತೆ ಇಸಿದುಕೊಂಡರು, ಬಹಳ ಹೊತ್ತು ನೋಡಿದರು.

ಮತ್ತೆ ಕೆಲಸಕ್ಕೆ ಬರುತ್ತೇನೆ. ಸ್ಪೆಕ್ಟ್ರಂ ನೋಡದೆ ಯಾವುದನ್ನೂ ಲೋಹ ಕಡಿಮೆ ಅಂತ ಖಚಿತವಾಗಿ ಹೇಳಬಾರದು ಅನ್ನೋದು ನನ್ನ ನಿಲುವು. ಪುಣ್ಯಕ್ಕೆ ಚೀನಾದ ಲಾಮೋಸ್ಟ್ ದೂರದರ್ಶಕ, ಅಮೆರಿಕದವರು ಶುರು ಮಾಡಿದ ಸ್ಲೋನ್ ಸಮೀಕ್ಷೆ, ಎರಡರ ಸ್ಪೆಕ್ಟ್ರಂಗಳೂ ಜಾಲದಲ್ಲಿ ಸಿಗುತ್ತವೆ. ಲಾಮೋಸ್ಟ್ ಒಂದೇ ಸಲಕ್ಕೆ 4000 ಚುಕ್ಕೆಗಳ ಸ್ಪೆಕ್ಟ್ರಂ ತೆಗೆಯಬಲ್ಲದು. ನನ್ನ ಪಟ್ಟಿಯ ಕೆಲವು ಅಲ್ಲಿದ್ದವು.

ಕೆಂಪು ಉಪಕುಬ್ಜಗಳಲ್ಲಿ ನೋಡಬೇಕಾದದ್ದು 700 ನ್ಯಾನೋಮೀಟರ್ ತರಂಗಾಂತರದ ಆಸುಪಾಸು. ಅಲ್ಲಿ ಎರಡು ಅಣುಗಳ ಗುರುತು ಪಕ್ಕಪಕ್ಕದಲ್ಲಿವೆ. 705ಕ್ಕಿಂತ ಮುಂಚೆ ಕ್ಯಾಲ್ಸಿಯಂ ಹೈಡ್ರೈಡ್, ಅದರ ನಂತರ ಟೈಟೇನಿಯಂ ಆಕ್ಸೈಡ್. ಸಾಮಾನ್ಯ ಕೆಂಪು ಕುಬ್ಜದಲ್ಲಿ ಟೈಟೇನಿಯಂ ಆಕ್ಸೈಡ್‌ನ ಹಳ್ಳ ಆಳವಾಗಿರುತ್ತದೆ, 705ರಲ್ಲಿ ಗೆರೆ ಮೆಟ್ಟಿಲಿಳಿದ ಹಾಗೆ ಧಡಕ್ಕನೆ ಬೀಳುತ್ತದೆ. ಲೋಹ ಕಡಿಮೆಯಾದಾಗ ಆ ಹಳ್ಳ ಮೊದಲು ತುಂಬಿಕೊಳ್ಳುತ್ತದೆ. ಯಾಕಂದ್ರೆ ಅದಕ್ಕೆ ಟೈಟೇನಿಯಂ, ಆಮ್ಲಜನಕ ಎರಡೂ ಬೇಕು, ಎರಡೂ ಕಡಿಮೆ. ಕ್ಯಾಲ್ಸಿಯಂ ಹೈಡ್ರೈಡ್‌ಗೆ ಕ್ಯಾಲ್ಸಿಯಂ ಒಂದು ಸಿಕ್ಕರೆ ಸಾಕು, ಹೈಡ್ರೋಜನ್‌ಗೆ ಎಲ್ಲೂ ಬರ ಇಲ್ಲ. ಹಾಗಾಗಿ ಒಂದು ಹಳ್ಳ ಉಳಿದು ಇನ್ನೊಂದು ಮಾಯವಾಗಿದ್ದರೆ ಅದು ಹಳೇ ನಕ್ಷತ್ರ. ಮೊದಲ ಸಲ ಅಂಥದ್ದು ಪರದೆಯ ಮೇಲೆ ಬಂದಾಗ ಬೆರಳಿಟ್ಟು ನೋಡಿದೆ, ಮೆಟ್ಟಿಲು ಇರಬೇಕಾದ ಜಾಗದಲ್ಲಿ ಗೆರೆ ಹೆಚ್ಚುಕಮ್ಮಿ ಸಪಾಟಾಗಿತ್ತು. ಹೈಡ್ರೋಜನ್‌ನ ಕೆಂಪು ಗೆರೆಯೂ 656.3ರಿಂದ ಸುಮಾರು ಅರ್ಧ ನ್ಯಾನೋಮೀಟರ್ ಸರಿದಿತ್ತು, ನಕ್ಷತ್ರ ನಮ್ಮ ಕಡೆಗೋ ಆಚೆಗೋ ಓಡುವಾಗ ಗೆರೆ ಹೀಗೆ ಸರಿಯುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 200 ಕಿಲೋಮೀಟರ್ ದಾಟುವ ವೇಗ. ಆ ನಕ್ಷತ್ರ ಸಂಶೋಧಕರ ಪಟ್ಟಿಯಲ್ಲಿ ಆಗಲೇ ಇತ್ತು. ನನಗೆ ಅದರಿಂದ ಧೈರ್ಯವೇ ಬಂತು, ಹಾದಿ ಸರಿ ಇದೆ ಅಂತ.

ಗಾಯಾಕ್ಕೂ ಸಿಗದಷ್ಟು ಮಂಕಾದವು ಇನ್ನೊಂದಿಷ್ಟು ಇವೆ. ಅವಕ್ಕೆ ವೈಸ್ ಉಪಗ್ರಹದ ಅವಗೆಂಪು ಚಿತ್ರಗಳೇ ಗತಿ. ಬ್ಯಾಕ್‌ಯಾರ್ಡ್ ವರ್ಲ್ಡ್ಸ್ ಅನ್ನೋ ಯೋಜನೆ 2017ರಲ್ಲಿ ಶುರುವಾಯಿತು. ಬೇರೆ ಬೇರೆ ವರ್ಷದ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿ ತೋರಿಸುತ್ತಾರೆ, ಸರಿಯುವ ಚುಕ್ಕೆಯನ್ನು ಜನ ಗುರುತಿಸಬೇಕು. ನಮ್ಮ ಹುಡುಗಿಯರು ಮೊಬೈಲಿನಲ್ಲೇ ಮಾಡುತ್ತಾರೆ. "ಮ್ಯಾಡಮ್, ಇದು ಸರ್ಯಾಕತ್ತೈತಿ ನೋಡ್ರಿ" ಅಂತ ಸ್ಟಾಫ್ ರೂಮಿಗೇ ಓಡಿ ಬರುತ್ತಾರೆ. ಹೆಚ್ಚಿನ ಸಲ ಅದು ಪ್ರಖರ ನಕ್ಷತ್ರದ ಸುಳ್ಳು ನೆರಳಾಗಿರುತ್ತದೆ, ಆದರೆ ಯಾಕೆ ಸುಳ್ಳು ಅಂತ ಕೂತು ನೋಡುವುದರಲ್ಲೇ ಅವರಿಗೆ ಬಹಳಷ್ಟು ತಿಳಿಯುತ್ತದೆ. ಡ್ಯಾನ್ ಕ್ಯಾಸೆಲ್ಡನ್ ಅನ್ನೋ ಹವ್ಯಾಸಿ ಇದೇ ಚಿತ್ರಗಳಲ್ಲಿ ಸುಮಾರು 50 ಜ್ಯೋತಿರ್ವರ್ಷ ದೂರದ ಒಂದು ವಿಚಿತ್ರ ಕಂದು ಕುಬ್ಜ (ನಕ್ಷತ್ರವಾಗುವಷ್ಟು ತೂಕ ಇಲ್ಲದ ಕಾಯ) ಕಂಡರು. ಯಾವ ಮಾದರಿಗೂ ಹೊಂದದ ಬಣ್ಣ, ವಿಪರೀತ ವೇಗ. ಆಕಸ್ಮಿಕವಾಗಿ ಸಿಕ್ಕಿದ್ದಕ್ಕೆ ಅದಕ್ಕೆ "ದಿ ಆಕ್ಸಿಡೆಂಟ್" ಅಂತಲೇ ಹೆಸರಾಯಿತು. 2025ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಸ್ಪೆಕ್ಟ್ರಂನಿಂದ ಅದರ ವಾತಾವರಣದಲ್ಲಿ ಸಿಲಿಕಾನ್, ಹೈಡ್ರೋಜನ್ ಸೇರಿ ಆಗುವ ಸಿಲೇನ್ ಅನಿಲ ಇದೆ ಅಂತ ಗೊತ್ತಾಯಿತು.

ಈಗ ನನ್ನ ಹತ್ತಿರ ಉಳಿದಿರುವುದು ಸ್ಪೆಕ್ಟ್ರಂ ಇಲ್ಲದ ಒಂದು ಸಣ್ಣ ಪಟ್ಟಿ, ಮತ್ತೆ ರೂವಿ ಜಾಸ್ತಿ ಬಂದು ಬದಿಗಿಟ್ಟ ಇನ್ನೊಂದು. ಎರಡನೆಯದಕ್ಕೆ ಗಾಯಾದ ನಾಲ್ಕನೇ ಬಿಡುಗಡೆ ಬರಬೇಕು, 2026ರ ಡಿಸೆಂಬರ್ ಅಂತ ಹೇಳಿದ್ದಾರೆ. ಮೂರನೆಯದು 34 ತಿಂಗಳ ಅಳತೆ, ನಾಲ್ಕನೆಯದರಲ್ಲಿ 66 ತಿಂಗಳದ್ದು ಇರುತ್ತದೆ. ಜೋಡಿ ಯಾವುದು, ಒಂಟಿ ಯಾವುದು ಅನ್ನೋದು ಆಗ ಎಷ್ಟೋ ಬಿಡಿಸಿಕೊಳ್ಳುತ್ತದೆ. ಮೊದಲನೆಯದಕ್ಕೆ ದೊಡ್ಡ ದೂರದರ್ಶಕವೇ ಬೇಕು. ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕ ಲಡಾಖ್‌ನ ಹಾನ್ಲೆಯಲ್ಲಿದೆ, ಅದನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಅಲ್ಲಿ ವೀಕ್ಷಣೆಯ ಸಮಯ ಬೇಕಾದರೆ ಪ್ರಸ್ತಾವ ಬರೆದು ಕೊಡಬೇಕು. ಯಾವ ನಕ್ಷತ್ರ, ಯಾಕೆ, ಎಷ್ಟು ಹೊತ್ತು, ಎಲ್ಲದಕ್ಕೂ ಕಾರಣ ಕೊಡಬೇಕು. ಸಂಶೋಧನೆ ಮಾಡುವ ಒಬ್ಬರು ಜೊತೆಗೆ ನಿಲ್ಲಲು ಒಪ್ಪಿದ್ದಾರೆ. ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿರುವ ನಕ್ಷತ್ರಕ್ಕೆ ಎಷ್ಟು ಹೊತ್ತು ಬೆಳಕು ಹಿಡಿಯಬೇಕು ಅನ್ನೋ ಲೆಕ್ಕ ಈ ವಾರ ಮಾಡುತ್ತಿದ್ದೇನೆ.